ಗ್ಯಾಸ್ ಟ್ಯಾಂಕ್‌ಗೆ ಬೆಂಕಿ ತಗುಲಿದಾಗ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರೊಪೇನ್ ಮತ್ತು ಎಲ್‌ಪಿಜಿ ಟ್ಯಾಂಕ್‌ಗಳ ಬೆಂಕಿ, ಅದನ್ನು ಎದುರಿಸುವವರ ತರಬೇತಿ ಕುರಿತು ಬಂದ ಪ್ರಶ್ನೆಗಳನ್ನು ಈ ಬಾರಿ ಆಯ್ದುಕೊಂಡಿದ್ದೇವೆ. ನಮ್ಮ ಅಡುಗೆಮನೆಯ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಅಮೆರಿಕದ ಮನೆ, ಹೊಲಗಳ ಟ್ಯಾಂಕ್‌ಗಳಲ್ಲಿ ಇರುವುದು ಬಹುತೇಕ ಪ್ರೊಪೇನ್ ಮಾತ್ರ. ಬೆಂಕಿಯ ಮಟ್ಟಿಗೆ ಎರಡರ ಸ್ವಭಾವವೂ ಒಂದೇ.

ಪ್ರಶ್ನೆ: ನಮ್ಮ ಊರು ಶಿರಾಡಿ ಘಾಟಿಯ ಹೆದ್ದಾರಿ ಪಕ್ಕದಲ್ಲೇ ಇದೆ. ಮಂಗಳೂರಿನಿಂದ ಬರುವ ಗ್ಯಾಸ್ ಟ್ಯಾಂಕರ್‌ಗಳು ಹಗಲೂ ರಾತ್ರಿ ಓಡಾಡುತ್ತವೆ. ಟ್ಯಾಂಕರ್ ಬೆಂಕಿಯ ವಿಡಿಯೊಗಳಲ್ಲಿ ಅಗ್ನಿಶಾಮಕದವರು ಉರಿಯುವ ಜ್ವಾಲೆಯನ್ನು ಬಿಟ್ಟು ಟ್ಯಾಂಕಿನ ಮೈಮೇಲೆ ನೀರು ಹೊಡೆಯುತ್ತಿರುತ್ತಾರೆ. ಬೆಂಕಿ ಆರಿಸುವುದೇ ಅವರ ಕೆಲಸವಲ್ಲವೇ?
– ಸಕಲೇಶಪುರ ತಾಲ್ಲೂಕಿನ ಓದುಗರು

ಉತ್ತರ: ಗ್ಯಾಸ್ ಹೊರಬರುವ ದಾರಿಯನ್ನು ಮುಚ್ಚದೆ ಜ್ವಾಲೆಯನ್ನು ಆರಿಸಬಾರದು. ಈ ಬೆಂಕಿಯ ತರಬೇತಿಯಲ್ಲಿ ಹೇಳಿಕೊಡುವ ಮೊದಲ ಪಾಠವೇ ಇದು. ಕಾರಣ ಹೀಗಿದೆ. ದ್ರವ ಪ್ರೊಪೇನ್ ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಹಾಗಾಗಿ ಟ್ಯಾಂಕಿನಿಂದ ಹೊರಬಿದ್ದ ತಕ್ಷಣ ಆವಿಯಾಗುತ್ತದೆ. ಒಂದು ಲೀಟರ್ ದ್ರವದಿಂದ ಸುಮಾರು 270 ಲೀಟರ್ ಆವಿ ಹುಟ್ಟುತ್ತದೆ. ಆ ಆವಿ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಆವಿಯಾದರೆ ಎರಡು ಪಟ್ಟು. ಆದ್ದರಿಂದ ಅದು ಮೇಲೇರಿ ಚದುರಿಹೋಗುವುದಿಲ್ಲ. ಚರಂಡಿ, ಮೋರಿ, ತಗ್ಗು ಎಲ್ಲಿದೆಯೋ ಅಲ್ಲಿಗೆ ಹರಿದು ಶೇಖರವಾಗುತ್ತದೆ. ಗಾಳಿಯಲ್ಲಿ ಶೇ 2ರಿಂದ ಶೇ 9.5ರಷ್ಟು ಬೆರೆತರೆ ಸಾಕು, ಹೊತ್ತಿಕೊಳ್ಳಲು ಸಿದ್ಧ.

ಜ್ವಾಲೆ ಇರುವವರೆಗೆ ಹೊರಬಂದ ಗ್ಯಾಸ್ ಬಾಯಲ್ಲೇ ಉರಿದುಹೋಗುತ್ತಿರುತ್ತದೆ. ಅಪಾಯ ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ. ಜ್ವಾಲೆಯನ್ನು ಮಾತ್ರ ಆರಿಸಿ ಸೋರಿಕೆಯನ್ನು ಹಾಗೇ ಬಿಟ್ಟರೆ ಕಣ್ಣಿಗೆ ಕಾಣದ ಮೋಡ ಊರಿನ ಕಡೆ ಹೊರಡುತ್ತದೆ. ಎಲ್ಲೋ ಒಂದು ಒಲೆಯೋ, ವಾಹನದ ಎಂಜಿನ್ನೋ ಅದಕ್ಕೆ ಕಿಡಿ ಕೊಡುತ್ತದೆ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿದಾಗ ರಸ್ತೆ ಬದಿಯ ಮನೆಗಳವರೆಗೆ ಬೆಂಕಿ ಹೋದದ್ದು ಹೀಗೆ ಹರಡಿದ ಗ್ಯಾಸಿನಿಂದಲೇ. 2024ರ ಡಿಸೆಂಬರ್ 20ರ ಬೆಳಗಿನ ಜಾವ ಜೈಪುರದ ಭಾಂಕ್ರೋಟಾದಲ್ಲಿ ತಿರುವು ತೆಗೆದುಕೊಳ್ಳುತ್ತಿದ್ದ ಟ್ಯಾಂಕರ್‌ಗೆ ಲಾರಿ ಗುದ್ದಿ ಅದರ ಹೊರಹರಿವಿನ ಬಾಯಿ ಮುರಿಯಿತು. ಗ್ಯಾಸಿನ ಮೋಡ ಹೊತ್ತಿಕೊಂಡಾಗ ಸಾಲಾಗಿ ನಿಂತಿದ್ದ ಬಸ್ಸು, ಕಾರು, ಲಾರಿಗಳೆಲ್ಲ ಅದರೊಳಗೆ ಸಿಕ್ಕಿಬಿದ್ದವು.

ಇನ್ನು ನೀರಿನ ಮಾತು. ನೀವು ನೋಡಿದ ನೀರು ಬೆಂಕಿಗಲ್ಲ, ಉಕ್ಕಿಗೆ. ಟ್ಯಾಂಕಿನ ಗೋಡೆ ಕಾಯದಂತೆ ನೋಡಿಕೊಂಡರೆ ಒಳಗಿನ ಗ್ಯಾಸ್ ತನ್ನಷ್ಟಕ್ಕೆ ಉರಿದು ಮುಗಿಯುತ್ತದೆ. ಹಲವು ಸಲ ಅದೇ ಅತ್ಯುತ್ತಮ ಫಲಿತಾಂಶ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಒತ್ತಡ ಹೆಚ್ಚಾದರೆ ತೆರೆದುಕೊಳ್ಳುವ ಸೇಫ್ಟಿ ವಾಲ್ವ್ ಇದ್ದರೂ ಟ್ಯಾಂಕ್ ಸಿಡಿಯುವುದೇಕೆ? 'ಬ್ಲೆವಿ' ಎಂದು ಹೇಳುವುದು ಇದಕ್ಕೇನಾ?
– ದಾವಣಗೆರೆಯ ಓದುಗರು

ಉತ್ತರ: ಹೌದು, ಇದಕ್ಕೇ. ಒತ್ತಡದಲ್ಲಿರುವ ದ್ರವ ಪಾತ್ರೆ ಒಡೆದೊಡನೆ ಒಮ್ಮೆಲೇ ಕುದಿದು ಆವಿಯಾಗಿ ಸ್ಫೋಟಿಸುವುದಕ್ಕೆ ಆ ಹೆಸರು. 1957ರಲ್ಲಿ ಅಮೆರಿಕದ ಫ್ಯಾಕ್ಟರಿ ಮ್ಯೂಚುವಲ್ ಸಂಸ್ಥೆಯ ಎಂಜಿನಿಯರ್‌ಗಳು ಅದನ್ನು ಬಳಕೆಗೆ ತಂದರು.

ಸೇಫ್ಟಿ ವಾಲ್ವ್ ಕಾಯುವುದು ಒತ್ತಡವನ್ನು ಮಾತ್ರ. ಉಕ್ಕಿನ ಬಲವನ್ನು ಕಾಯಲು ಅದರಿಂದಾಗದು. 38 ಡಿಗ್ರಿ ಬಿಸಿಲಿನಲ್ಲಿ ಪ್ರೊಪೇನ್ ಟ್ಯಾಂಕಿನೊಳಗೆ ಸುಮಾರು 12 ಬಾರ್ ಒತ್ತಡವಿರುತ್ತದೆ. ಅಮೆರಿಕದ ಸಾಮಾನ್ಯ ಸ್ಥಿರ ಟ್ಯಾಂಕ್‌ಗಳಲ್ಲಿ ಸೇಫ್ಟಿ ವಾಲ್ವ್ ತೆರೆಯುವುದು ಸುಮಾರು 17 ಬಾರ್‌ಗೆ. ತಣ್ಣಗಿರುವ ಉಕ್ಕು ಇದಕ್ಕಿಂತ ಎಷ್ಟೋ ಹೆಚ್ಚು ಒತ್ತಡ ತಡೆಯುತ್ತದೆ. ಆದರೆ ಅದೇ ಉಕ್ಕು 600 ಡಿಗ್ರಿ ದಾಟಿದರೆ ಅರ್ಧಕ್ಕಿಂತ ಹೆಚ್ಚು ಬಲ ಕಳೆದುಕೊಳ್ಳುತ್ತದೆ. 700 ಡಿಗ್ರಿಯಲ್ಲಿ ಉಳಿಯುವುದು ಹೆಚ್ಚುಕಡಿಮೆ ಕಾಲು ಭಾಗ. ಆಗ ವಾಲ್ವ್ ಸರಿಯಾಗಿ ಕೆಲಸ ಮಾಡುತ್ತಿದ್ದರೂ, ಒಳಗಿನ ಒತ್ತಡ ಮಿತಿಯಲ್ಲೇ ಇದ್ದರೂ ಗೋಡೆ ಹರಿಯುತ್ತದೆ.

ಎಲ್ಲಿ ಹರಿಯುತ್ತದೆ ಎಂಬುದು ಮುಖ್ಯ. ಒಲೆಯ ಮೇಲಿನ ಪಾತ್ರೆಯಲ್ಲಿ ನೀರಿರುವಷ್ಟು ಹೊತ್ತು ತಳ ಸೀಯುವುದಿಲ್ಲ, ನೀರು ಬತ್ತಿದ ಕೂಡಲೇ ಸೀಯುತ್ತದೆ. ಟ್ಯಾಂಕಿನಲ್ಲೂ ದ್ರವ ತಾಗಿರುವ ಕೆಳಭಾಗದ ಶಾಖವನ್ನು ದ್ರವ ಹೀರಿಕೊಳ್ಳುತ್ತದೆ. ಬರೀ ಆವಿ ತುಂಬಿರುವ ಮೇಲ್ಭಾಗಕ್ಕೆ ಆ ರಕ್ಷಣೆ ಇಲ್ಲ. ಜ್ವಾಲೆ ಅಲ್ಲಿ ನೇರವಾಗಿ ತಾಗಿದರೆ ಉಕ್ಕು ಮೊದಲು ಬಣ್ಣ ಬದಲಿಸುತ್ತದೆ, ಆಮೇಲೆ ಗುಳ್ಳೆಯಂತೆ ಉಬ್ಬಿ ತೆಳುವಾಗುತ್ತದೆ, ಕೊನೆಗೆ ಉದ್ದಕ್ಕೂ ಸೀಳುತ್ತದೆ. ಸೇಫ್ಟಿ ವಾಲ್ವ್ ಗ್ಯಾಸ್ ಬಿಡುತ್ತಾ ಹೋದಂತೆ ಒಳಗಿನ ದ್ರವದ ಮಟ್ಟ ಇಳಿಯುತ್ತದೆ, ರಕ್ಷಣೆ ಇಲ್ಲದ ಒಣ ಉಕ್ಕು ಇನ್ನಷ್ಟು ಹೆಚ್ಚುತ್ತದೆ. ವಾಲ್ವ್ ಊದುತ್ತಿದೆ, ಇನ್ನು ಭಯವಿಲ್ಲ ಎಂದುಕೊಳ್ಳುವುದು ಇದೇ ಕಾರಣಕ್ಕೆ ತಪ್ಪು.

ಆ ತಪ್ಪಿಗೆ ತೆತ್ತ ಬೆಲೆ ದೊಡ್ಡದು. 1966ರ ಜನವರಿ 4ರಂದು ಫ್ರಾನ್ಸಿನ ಲಿಯೋನ್ ಪಕ್ಕದ ಫೆಜಾಂ ರಿಫೈನರಿಯಲ್ಲಿ ಪ್ರೊಪೇನ್ ಗೋಳದ, ಅಂದರೆ ಚೆಂಡಿನಾಕಾರದ ದೊಡ್ಡ ಟ್ಯಾಂಕಿನ ತಳದಿಂದ ನೀರು ಬಸಿಯುತ್ತಿದ್ದಾಗ ವಾಲ್ವ್ ಹೆಪ್ಪುಗಟ್ಟಿ ಮುಚ್ಚಲಾಗಲಿಲ್ಲ. ಆವಿ ಸುಮಾರು 160 ಮೀಟರ್ ದೂರದ ರಸ್ತೆಗೆ ಹರಿದು ಒಂದು ಕಾರಿನಿಂದ ಹೊತ್ತಿಕೊಂಡಿತು. ಉರಿಯುತ್ತಿದ್ದ ಗೋಳವನ್ನು ಅದರ ಸೇಫ್ಟಿ ವಾಲ್ವ್ ಕಾಪಾಡುತ್ತದೆಂದು ನಂಬಿ ನೀರನ್ನು ಹೆಚ್ಚಾಗಿ ಪಕ್ಕದ ಗೋಳಗಳಿಗೆ ಬಿಟ್ಟರು. ಸುಮಾರು ಒಂದೂವರೆ ಗಂಟೆಯ ನಂತರ ಅದು ಸಿಡಿಯಿತು. ಸತ್ತ 18 ಜನರಲ್ಲಿ 11 ಮಂದಿ ಅಗ್ನಿಶಾಮಕರು.

ಎಲ್ಲ ಟ್ಯಾಂಕ್‌ಗಳೂ ಒಂದೂವರೆ ಗಂಟೆ ಕೊಡುವುದಿಲ್ಲ. 1973ರ ಜುಲೈ 5ರಂದು ಅಮೆರಿಕದ ಅರಿಝೋನಾ ರಾಜ್ಯದ ಕಿಂಗ್‌ಮನ್‌ನಲ್ಲಿ ರೈಲಿನ ಪ್ರೊಪೇನ್ ಟ್ಯಾಂಕ್ ಬೆಂಕಿ ಹತ್ತಿದ ಸುಮಾರು 20 ನಿಮಿಷಕ್ಕೆ ಸಿಡಿದು 11 ಅಗ್ನಿಶಾಮಕರು ಬಲಿಯಾದರು. ಜ್ವಾಲೆ ಗ್ಯಾಸ್ ಕಟರ್‌ನಂತೆ ಒಂದೇ ಜಾಗಕ್ಕೆ ಬಡಿಯುತ್ತಿದ್ದರೆ ಹತ್ತು ನಿಮಿಷವೂ ಉಳಿಯದು.

ಪ್ರಶ್ನೆ: ನಾನು ಅಮೆರಿಕದ ಮಧ್ಯಪಶ್ಚಿಮದ ಒಂದು ಸಣ್ಣ ಊರಿನಲ್ಲಿ ಸ್ವಯಂಸೇವಕ ಅಗ್ನಿಶಾಮಕ. ತರಬೇತಿ ಮೈದಾನದಲ್ಲಿ ಉರಿಯುವ ಟ್ಯಾಂಕಿನ ಬಳಿಗೆ ಎರಡು ಹೋಸ್ ಹಿಡಿದು ಹೋಗಿ ವಾಲ್ವ್ ಮುಚ್ಚಿ ಬಂದಿದ್ದೇವೆ. ನಿಜವಾದ ಟ್ಯಾಂಕಿನ ಮುಂದೆ ಇದು ಎಷ್ಟು ಉಪಯೋಗಕ್ಕೆ ಬರುತ್ತದೆ? ಟ್ಯಾಂಕಿನ ತುದಿಗಳ ಕಡೆ ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ ಎಂದು ಹಿರಿಯರು ಹೇಳುತ್ತಾರೆ. ಅದು ಸರಿಯೇ?
– ಹೊರದೇಶದ ಕನ್ನಡ ಓದುಗರು

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸಬೇಕು, ಅದು ಜೀವದ ವಿಷಯ. ಪಕ್ಕದಲ್ಲಿ ನಿಂತರೆ ಕ್ಷೇಮ ಎಂಬುದು ಸುಳ್ಳು. 1998ರ ಏಪ್ರಿಲ್ 9ರ ರಾತ್ರಿ ಐಯೊವಾ ರಾಜ್ಯದ ಆಲ್ಬರ್ಟ್ ಸಿಟಿ ಬಳಿಯ ಟರ್ಕಿ ಕೋಳಿ ಸಾಕಣೆ ಕೇಂದ್ರದಲ್ಲಿ, ನಾಲ್ಕು ಚಕ್ರದ ಸಣ್ಣ ವಾಹನವೊಂದು ಪ್ರೊಪೇನ್ ಟ್ಯಾಂಕಿನ ಪೈಪ್‌ಗಳಿಗೆ ಗುದ್ದಿತು. ಟ್ಯಾಂಕ್ 18,000 ಗ್ಯಾಲನ್‌ನದು, ಅಂದರೆ ಸುಮಾರು 68,000 ಲೀಟರ್. ಪೈಪ್‌ಗಳ ಸುತ್ತ ಬೇಲಿಯಾಗಲಿ ಕಂಬಗಳಾಗಲಿ ಇರಲಿಲ್ಲ. ದ್ರವದ ಪೈಪ್ ತುಂಡಾದರೆ ತಾನಾಗಿ ಮುಚ್ಚಬೇಕಿದ್ದ ಎಕ್ಸೆಸ್ ಫ್ಲೋ ವಾಲ್ವ್ ಮುಚ್ಚಲಿಲ್ಲ. ಮುಂದಿನ ಪೈಪ್ ಸಣ್ಣದಾಗಿದ್ದರಿಂದ, ಮುಚ್ಚಲು ಬೇಕಾದಷ್ಟು ರಭಸದ ಹರಿವೇ ಆ ವಾಲ್ವಿಗೆ ಸಿಗಲಿಲ್ಲ. ಬೆಂಕಿ ಟ್ಯಾಂಕನ್ನು ಸುತ್ತಿಕೊಂಡಿತು, ಸೇಫ್ಟಿ ವಾಲ್ವ್‌ಗಳು ಭೋರ್ಗರೆದವು.

ಅಗ್ನಿಶಾಮಕರು ಬಂದು, ಟ್ಯಾಂಕ್ ಉರಿದು ಮುಗಿಯಲಿ, ಪಕ್ಕದ ಕಟ್ಟಡಗಳಿಗೆ ನೀರು ಹಾಕೋಣ ಎಂದು ತೀರ್ಮಾನಿಸಿದರು. ತುದಿಗಳ ಕಡೆ ಹೋಗದೆ ಪಕ್ಕದಲ್ಲಿ, ಸುಮಾರು 30 ಮೀಟರ್ ದೂರದಲ್ಲಿ ನಿಂತರು. ಬಂದ ಏಳೇ ನಿಮಿಷಕ್ಕೆ ಟ್ಯಾಂಕ್ ಸಿಡಿಯಿತು. ತುಂಡುಗಳು ಎಲ್ಲ ದಿಕ್ಕಿಗೂ ಹಾರಿದವು. ಇಬ್ಬರು ಸ್ವಯಂಸೇವಕ ಅಗ್ನಿಶಾಮಕರು ಸತ್ತರು, ಏಳು ಜನ ಗಾಯಗೊಂಡರು. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ತನಿಖೆ ಮಾಡಿ ಬೊಟ್ಟು ಮಾಡಿದ ಕಾರಣಗಳಲ್ಲಿ ತರಬೇತಿಯೂ ಒಂದು. ತುದಿಗಳು ಹೆಚ್ಚು ದೂರ ಹಾರುತ್ತವೆ ಎಂಬುದು ನಿಜ, ಆದರೆ ಅದನ್ನು ಕಲಿತವರ ಮನಸ್ಸಿನಲ್ಲಿ ಉಳಿದದ್ದು 'ಪಕ್ಕ ಸುರಕ್ಷಿತ' ಎಂಬ ಅರ್ಥ. ನಿಮ್ಮ ಠಾಣೆಯಲ್ಲಿ ಈ ಮಾತು ಇನ್ನೂ ಓಡಾಡುತ್ತಿದ್ದರೆ ದಯವಿಟ್ಟು ಈ ಘಟನೆಯನ್ನು ತೆಗೆದು ಎಲ್ಲರ ಮುಂದಿಡಿ.

ಈಗ ತರಬೇತಿಯ ವಿಷಯ. ಮೈದಾನದ ಆ 'ಟ್ಯಾಂಕ್' ಒಂದು ಕವಚ ಮಾತ್ರ, ಅದರೊಳಗೆ ಗ್ಯಾಸ್ ಇರುವುದಿಲ್ಲ. ಗ್ಯಾಸ್ ದೂರದ ಬೇರೊಂದು ಟ್ಯಾಂಕಿನಿಂದ ಪೈಪ್ ಮೂಲಕ ಬಂದು ಕವಚದ ಸುತ್ತಲಿನ ಬರ್ನರ್‌ಗಳಲ್ಲಿ ಉರಿಯುತ್ತದೆ. ನಿಯಂತ್ರಣದ ಹಿಡಿಕೆ ಹಿಡಿದ ಬೋಧಕರು ಕೈ ಬಿಟ್ಟರೆ ಗ್ಯಾಸ್ ನಿಲ್ಲುವಂತಿರಬೇಕು. ಅಂದರೆ ಆ ಟ್ಯಾಂಕ್ ಎಷ್ಟು ಉರಿದರೂ ಸಿಡಿಯುವುದಿಲ್ಲ, ನಿಮಗೆ ಗಡಿಯಾರದ ಹೆದರಿಕೆಯೂ ಇರುವುದಿಲ್ಲ. ಅಲ್ಲಿ ಕಲಿಯುವುದು ಹೋಸ್ ಹಿಡಿಯುವ ಕೈಚಳಕ, ತಂಡದ ಶಿಸ್ತು, ಶಾಖದ ಮುಂದೆ ತಲೆ ಕೆಡದಿರುವುದು. ಇವು ಬೇಕೇ ಬೇಕು. ಆದರೆ 'ಹತ್ತಿರ ಹೋಗಬೇಕೇ ಬೇಡವೇ' ಎಂಬ ಅತಿ ಮುಖ್ಯ ನಿರ್ಧಾರವನ್ನು ಆ ಮೈದಾನ ಕಲಿಸುವುದಿಲ್ಲ. ಅಲ್ಲಿ ಉತ್ತರ ಯಾವಾಗಲೂ 'ಹೋಗಿ' ಎಂದೇ ಇರುತ್ತದೆ. ನಮ್ಮ ದೃಷ್ಟಿಯಲ್ಲಿ ಈ ತರಬೇತಿಯ ದೊಡ್ಡ ಕೊರತೆ ಅದೇ. ಒಳ್ಳೆಯ ಬೋಧಕರು ನಾಲ್ಕರಲ್ಲಿ ಒಂದು ಅಭ್ಯಾಸವನ್ನಾದರೂ ನಡುವೆ ನಿಲ್ಲಿಸಿ 'ವಾಲ್ವಿನ ಸದ್ದು ಏರಿತು, ವಾಪಸ್' ಎಂದು ಹಿಂದೆ ಕಳಿಸಬೇಕು. ಹಿಂದೆ ಸರಿಯುವುದು ಸೋಲಲ್ಲ ಎಂದು ಕಾಲಿಗೇ ಅಭ್ಯಾಸವಾಗಬೇಕು.

ಕ್ರಮ ಹೀಗಿರಲಿ. ಗಾಳಿ ಬೆನ್ನಿಗಿರಬೇಕು. ಗಾಳಿ ದಿಕ್ಕು ಬದಲಿಸುತ್ತಿದ್ದರೆ ಆ ದಿನದ ಅಭ್ಯಾಸ ರದ್ದು. ದಾಳಿಗೆ ಎರಡು ಹೋಸ್, ಹಿಂದೆ ಕಾವಲಿಗೆ ಮೂರನೆಯದು. ಮೂರನೆಯದಕ್ಕೆ ನೀರು ಬೇರೆ ಪಂಪಿನಿಂದ, ಬೇರೆ ಮೂಲದಿಂದ ಬರಬೇಕು. ಇಲ್ಲದಿದ್ದರೆ ಒಂದು ಪಂಪ್ ನಿಂತಾಗ ಮೂರೂ ಒಟ್ಟಿಗೆ ಒಣಗುತ್ತವೆ. ನಿಜವಾದ ಬೆಂಕಿಯೊಂದಿಗಿನ ತರಬೇತಿಗೆಂದು ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘ (ಎನ್‌ಎಫ್‌ಪಿಎ) ರೂಪಿಸಿದ ಎನ್‌ಎಫ್‌ಪಿಎ 1403 ಮಾನದಂಡ ಪ್ರತಿ ಹೋಸ್‌ಗೆ ಕನಿಷ್ಠ ನಿಮಿಷಕ್ಕೆ 95 ಗ್ಯಾಲನ್, ಅಂದರೆ 360 ಲೀಟರ್ ಹೇಳುತ್ತದೆ. ಐದು ಕಲಿಕೆಯವರಿಗೆ ಒಬ್ಬ ಬೋಧಕ ಎಂಬ ಲೆಕ್ಕವೂ ಅದರಲ್ಲಿದೆ. ಪ್ರೊಪೇನ್ ಬೆಂಕಿಗೆ 360 ಲೀಟರ್ ಬಿಗಿ ಎನಿಸುತ್ತದೆ, 450–500 ಲೀಟರ್ ಹರಿವು ಕೊಡುವ ನಾಜಲ್ ಇಟ್ಟುಕೊಳ್ಳುವುದು ಒಳ್ಳೆಯದು. ಬೆಂಕಿ ಹಚ್ಚುವ ಮೊದಲು ಒಣ ಅಭ್ಯಾಸ: ವಾಲ್ವ್ ಎಲ್ಲಿದೆ, ಯಾವ ಕಡೆ ತಿರುಗುತ್ತದೆ, ಎಷ್ಟು ಸುತ್ತು, ಹಿಂದೆ ಬರುವ ದಾರಿಯಲ್ಲಿ ಎಡವುವಂಥದ್ದೇನಿದೆ ಎಂದು ಎಲ್ಲರೂ ನಡೆದು ನೋಡಬೇಕು.

ದೂರದಿಂದ ಮೊದಲು ನೇರ ಧಾರೆಯಲ್ಲಿ ಕವಚದ ನೆತ್ತಿಯನ್ನು ತಣಿಸಿ. ಹತ್ತಿರವಾದಂತೆ ಧಾರೆಯನ್ನು ಅಗಲವಾದ ತುಂತುರಾಗಿ ಬಿಡಿಸಿ. ಎರಡೂ ನಾಜಲ್‌ಗಳು ಅಕ್ಕಪಕ್ಕ, ಒಂದೇ ಗೆರೆಯಲ್ಲಿರಬೇಕು. ತುಂತುರಿನ ಎರಡು ಛತ್ರಿಗಳ ಅಂಚು ನಡುವೆ ಒಂದರ ಮೇಲೊಂದು ಬಿದ್ದಿರಬೇಕು. ಒಬ್ಬರು ಒಂದು ಹೆಜ್ಜೆ ಮುಂದಾದರೆ ಆ ಸಂದಿನಿಂದ ಜ್ವಾಲೆ ಒಳಗೆ ನುಗ್ಗುತ್ತದೆ. ನಾಜಲ್ ಎತ್ತಿದರೆ ಕಾಲಿನ ಕಡೆಯಿಂದ ಬರುತ್ತದೆ, ತಗ್ಗಿಸಿದರೆ ತಲೆ ಮೇಲಿಂದ. ತಂಡದ ನಾಯಕ ನಡುವೆ ನಿಂತು ಇಬ್ಬರ ಹೆಗಲ ಮೇಲೆ ಕೈಯಿಟ್ಟು ನಡಿಗೆಯನ್ನು ನಿಯಂತ್ರಿಸುತ್ತಾನೆ. ಕಾಲನ್ನು ಎತ್ತಿಡದೆ ನೆಲಕ್ಕೆ ಜಾರಿಸುತ್ತಾ ಹೋಗಬೇಕು. ತುಂತುರಿನ ಗೋಡೆ ಜ್ವಾಲೆಯನ್ನು ವಾಲ್ವಿನಿಂದ ಆಚೆ ತಳ್ಳಿದ ಮೇಲೆ ನಾಯಕನೊಬ್ಬನೇ ಕೈ ಚಾಚಿ ಪ್ರದಕ್ಷಿಣೆಯ ದಿಕ್ಕಿಗೆ ತಿರುಗಿಸುತ್ತಾನೆ. ಬೆಂಕಿ ಕುಗ್ಗಿದ್ದನ್ನು ಕಂಡು ನಾಜಲ್ ಮುಚ್ಚುವುದು ಹೊಸಬರ ಅತಿ ಸಾಮಾನ್ಯ ತಪ್ಪು. ಪೈಪಿನಲ್ಲಿ ಉಳಿದ ದ್ರವ ಮತ್ತೆ ಭಗ್ಗೆಂದು ಹೊತ್ತುತ್ತದೆ. ನೀರು ಬಿಡುತ್ತಲೇ, ಮುಖ ಬೆಂಕಿಯ ಕಡೆಗಿಟ್ಟು, ಹೋದ ವೇಗದಲ್ಲೇ ಹಿಂದೆ ಬನ್ನಿ. ಬೆನ್ನು ತಿರುಗಿಸುವಂತಿಲ್ಲ.

ನಿಜವಾದ ಟ್ಯಾಂಕಿನಲ್ಲಿ ಇದನ್ನು ಯಾವಾಗ ಮಾಡಬಹುದು? ಜ್ವಾಲೆ ಟ್ಯಾಂಕಿನ ಮೈಗೆ ತಾಗದಿದ್ದು, ವಾಲ್ವ್ ಕೈಗೆ ಸಿಗುವ ಜಾಗದಲ್ಲಿದ್ದು ಹಾಳಾಗದಿದ್ದು, ನಿರಂತರ ನೀರು ಖಾತ್ರಿಯಿದ್ದರೆ ಮಾತ್ರ. ಮೂರರಲ್ಲಿ ಒಂದಿಲ್ಲದಿದ್ದರೂ ಹೋಗಬೇಡಿ.

ಪ್ರಶ್ನೆ: ಉರಿಯುವ ಟ್ಯಾಂಕ್ ತಣಿಸಲು ನೀರು ಎಷ್ಟು ಬೇಕು? ನಮ್ಮ ಕಾರ್ಖಾನೆಯಲ್ಲಿ 10 ಟನ್ನಿನ ಎಲ್‌ಪಿಜಿ ಬುಲೆಟ್ (ಅಡ್ಡ ಮಲಗಿಸಿದ ಉದ್ದನೆಯ ಟ್ಯಾಂಕ್) ಇದೆ. ಮೇಲೆ ಸ್ಪ್ರಿಂಕ್ಲರ್ ಅಳವಡಿಸಿದ್ದೇವೆ. ಅಷ್ಟು ಸಾಕಲ್ಲವೇ?
– ಸುರಕ್ಷತಾ ಅಧಿಕಾರಿ, ತುಮಕೂರು

ಉತ್ತರ: ಲೆಕ್ಕ ಹಾಕಿ ನೋಡೋಣ. ನಮ್ಮ ತೈಲ ಉದ್ಯಮದ ಸುರಕ್ಷತಾ ಮಾನದಂಡದಲ್ಲೂ ಅಮೆರಿಕದ ಎನ್‌ಎಫ್‌ಪಿಎ 15ರಲ್ಲೂ ಟ್ಯಾಂಕಿನ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ ನಿಮಿಷಕ್ಕೆ 10.2 ಲೀಟರ್ ಎಂಬ ಅಳತೆ ಇದೆ. ನಿಮ್ಮ ಬುಲೆಟ್ 2 ಮೀಟರ್ ವ್ಯಾಸ, 7 ಮೀಟರ್ ಉದ್ದ ಎಂದಿಟ್ಟುಕೊಂಡರೆ ಮೈಯ ವಿಸ್ತೀರ್ಣ 44 ಚದರ ಮೀಟರ್, ಎರಡು ತುದಿ ಸೇರಿ ಸುಮಾರು 52. ಅಂದರೆ ನಿಮಿಷಕ್ಕೆ 530 ಲೀಟರ್. ನಾಲ್ಕು ಗಂಟೆ ನಡೆಸಲು 1.27 ಲಕ್ಷ ಲೀಟರ್.

ಆದರೆ ಈ ಅಳತೆ ಸುತ್ತಲಿನ ಬೆಂಕಿಯ ಶಾಖ ತಡೆಯಲು. ಮುರಿದ ಪೈಪಿನಿಂದ ಚಿಮ್ಮುವ ಜ್ವಾಲೆ ಒಂದೇ ಜಾಗಕ್ಕೆ ಬಡಿದರೆ ಸ್ಪ್ರಿಂಕ್ಲರ್‌ನ ತೆಳು ನೀರಿನ ಪದರವನ್ನು ಅದು ಊದಿಬಿಡುತ್ತದೆ. ಅಂಥ ಪ್ರತಿ ಜಾಗಕ್ಕೂ ನಿಮಿಷಕ್ಕೆ 500 ಗ್ಯಾಲನ್, ಸುಮಾರು 1,900 ಲೀಟರ್ ಬೇಕೆಂದು ಅಗ್ನಿಶಾಮಕರಿಗೆ ಕಲಿಸುತ್ತಾರೆ. ಇದನ್ನು ಕೈಯಲ್ಲಿ ಹಿಡಿದ ಹೋಸ್‌ನಿಂದ ಕೊಡಲಾಗದು, ಮಾನಿಟರ್, ಅಂದರೆ ನೆಲೆಯಾಗಿ ನಿಲ್ಲಿಸುವ ನೀರಿನ ಫಿರಂಗಿ ಬೇಕು. ದೂರದಲ್ಲಿಟ್ಟು, ಗುರಿ ಹೊಂದಿಸಿ, ಮನುಷ್ಯರು ಹಿಂದೆ ಸರಿಯುವಂತಿರಬೇಕು.

ಇಲ್ಲೇ ಒಂದು ಕಹಿ ಲೆಕ್ಕವಿದೆ. 4,500 ಲೀಟರ್ ನೀರಿರುವ ಅಗ್ನಿಶಾಮಕ ವಾಹನ ನಿಮಿಷಕ್ಕೆ 1,900 ಲೀಟರ್ ಹೊಡೆದರೆ ಎರಡೂವರೆ ನಿಮಿಷದೊಳಗೆ ಖಾಲಿ. ನಿಮ್ಮ ಆವರಣದಲ್ಲಿ ನೀರಿನ ಸಂಗ್ರಹ ಇಲ್ಲದಿದ್ದರೆ ಮೊದಲ ವಾಹನ ಬಂದು ಹೆಚ್ಚೇನೂ ಮಾಡಲಾಗದು. ಮುಂದಿನ ವಾಹನ ಬರುವಷ್ಟರಲ್ಲಿ ತಣಿದಿದ್ದ ಉಕ್ಕು ಮತ್ತೆ ಕಾದಿರುತ್ತದೆ. ನಿರಂತರ ನೀರಿಲ್ಲವೆಂದು ಗೊತ್ತಾದ ಕ್ಷಣವೇ ಜನರನ್ನು ತೆರವು ಮಾಡಿಸುವ ಕೆಲಸಕ್ಕೆ ಇಳಿಯಬೇಕು.

ಸ್ಪ್ರಿಂಕ್ಲರ್‌ಗೆ ಬಂದರೆ, ತಿಂಗಳಿಗೊಮ್ಮೆ ನಿಜವಾಗಿ ನೀರು ಬಿಟ್ಟು ನೋಡಿ. ಮೀಟರ್‌ನ ಒತ್ತಡ ನೋಡಿ ಸಹಿ ಹಾಕಿದರೆ ಸಾಲದು. ಒಂದು ಸುತ್ತು ಬಂದು ಒಣಗಿ ಉಳಿದ ಜಾಗ ಎಲ್ಲಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ. ತುಕ್ಕಿನ ಪುಡಿ, ಕಣಜದ ಮಣ್ಣಿನ ಗೂಡು ನಾಜಲ್ ಮುಚ್ಚಿರುತ್ತವೆ. ತುದಿಗಳು, ನೆತ್ತಿಯ ವಾಲ್ವ್‌ಗಳ ಸುತ್ತ, ಟ್ಯಾಂಕನ್ನು ಹೊತ್ತ ಆಸರೆಗಳ ಪಕ್ಕ ಒಣಗುಳಿಯುವುದು ಹೆಚ್ಚು. ನೀರು ಬಿಡುವ ವಾಲ್ವ್ ಟ್ಯಾಂಕಿನ ಬುಡದಲ್ಲೇ ಇದ್ದರೆ ಬೆಂಕಿ ಬಿದ್ದ ದಿನ ಅದನ್ನು ತೆರೆಯಲು ಯಾರೂ ಹೋಗಲಾರರು. ಬೆಂಕಿ ಬಿದ್ದಾಗ ಮೊದಲು ಕರೆಂಟ್ ತೆಗೆಯುತ್ತಾರೆ, ಹಾಗಾಗಿ ಡೀಸೆಲ್ ಪಂಪ್ ಇರಲೇಬೇಕು. ಲಾರಿ, ಫೋರ್ಕ್‌ಲಿಫ್ಟ್ ಪೈಪಿಗೆ ಗುದ್ದದಂತೆ ಕಾಂಕ್ರೀಟ್ ತುಂಬಿದ ಉಕ್ಕಿನ ಕಂಬಗಳನ್ನು ನೆಡಿಸಿ. ಇದಕ್ಕಾಗುವ ಖರ್ಚು ಉಳಿದ ಎಲ್ಲಕ್ಕಿಂತ ಕಡಿಮೆ.

ಪ್ರಶ್ನೆ: ಅಗ್ನಿಶಾಮಕರ ದಪ್ಪ ಉಡುಪು ಹಾಕಿದ್ದರೆ ಸ್ಫೋಟದಿಂದ ಬದುಕಬಹುದೇ?
– ಹೈಸ್ಕೂಲ್ ವಿದ್ಯಾರ್ಥಿ, ಗದಗ

ಉತ್ತರ: ಇಲ್ಲ. ಆ ಉಡುಪು ಶಾಖದಿಂದ ಸ್ವಲ್ಪ ಸಮಯ ಕೊಡುತ್ತದೆ, ಅಷ್ಟೇ. 17 ಟನ್ನಿನ ಟ್ಯಾಂಕರ್ ಸಿಡಿದರೆ ಬೆಂಕಿಯುಂಡೆಯ ತ್ರಿಜ್ಯವೇ 75–80 ಮೀಟರ್ ಇರುತ್ತದೆ, ಹತ್ತು ಸೆಕೆಂಡಿಗೂ ಹೆಚ್ಚು ಉರಿಯುತ್ತದೆ. ಹಾರುವ ಉಕ್ಕಿನ ತುಂಡಿಗೆ ಬಟ್ಟೆ ಅಡ್ಡಿಯಲ್ಲ. ಇನ್ನೊಂದು ವಿಷಯ: ಬೆವರಿನಿಂದ ಒದ್ದೆಯಾದ ಒಳಬಟ್ಟೆ ಶಾಖಕ್ಕೆ ಆವಿಯಾಗಿ ಚರ್ಮ ಸುಡುತ್ತದೆ. ಒಂದು ಸುತ್ತು ಅಭ್ಯಾಸ ಮುಗಿಸಿ ಅದೇ ಒದ್ದೆ ಉಡುಪಿನಲ್ಲಿ ತಕ್ಷಣ ಮತ್ತೆ ಬೆಂಕಿಗೆ ಹೋಗಬಾರದು ಎನ್ನುವುದು ಅದಕ್ಕೇ.

ಪ್ರಶ್ನೆ: ಟ್ಯಾಂಕರ್ ಮಗುಚಿದೆ, ಬೆಂಕಿ ಇಲ್ಲ, ಗ್ಯಾಸ್ ಸೋರುತ್ತಿದೆ. ಪೊಲೀಸರಾಗಿ ನಾವು ಎಲ್ಲಕ್ಕಿಂತ ಮೊದಲು ತಲುಪುತ್ತೇವೆ. ಜನರನ್ನು ಎಷ್ಟು ದೂರ ಕಳಿಸಬೇಕು?
– ಹೆದ್ದಾರಿ ಗಸ್ತಿನ ಸಿಬ್ಬಂದಿ, ಉತ್ತರ ಕನ್ನಡ

ಉತ್ತರ: ನಿಮ್ಮ ವಾಹನವನ್ನು ಗಾಳಿ ಬರುವ ಕಡೆ, ಎತ್ತರದ ಜಾಗದಲ್ಲಿ, ದೂರ ನಿಲ್ಲಿಸಿ. ಹತ್ತಿರ ಒಯ್ದರೆ ಕಿಡಿ ಕೊಡುವವರು ನೀವೇ ಆದೀರಿ. ಟ್ಯಾಂಕರ್‌ನ ಫಲಕದಲ್ಲಿ ಯುಎನ್ ಸಂಖ್ಯೆ 1075 ಇದ್ದರೆ ಅದು ಎಲ್‌ಪಿಜಿ. ಆ ಸಂಖ್ಯೆಯನ್ನೂ ಸೋರಿಕೆ ಎಲ್ಲಿಂದ ಎಂಬುದನ್ನೂ 112ಕ್ಕೆ ಮೊದಲ ಕರೆಯಲ್ಲೇ ತಿಳಿಸಿ.

ತುರ್ತು ಸೇವೆಯವರು ಜಗತ್ತಿನ ಹಲವೆಡೆ ಬಳಸುವ ಅಮೆರಿಕದ ಕೈಪಿಡಿಯ ಪ್ರಕಾರ ಸೋರಿಕೆಯ ಸುತ್ತ ಎಲ್ಲ ದಿಕ್ಕಿಗೂ ಕನಿಷ್ಠ 100 ಮೀಟರ್ ಖಾಲಿ ಮಾಡಿಸಬೇಕು. ದೊಡ್ಡ ಸೋರಿಕೆಯಾದರೆ ಗಾಳಿ ಬೀಸಿ ಹೋಗುವ ಕಡೆ 800 ಮೀಟರ್. ಟ್ಯಾಂಕ್ ಬೆಂಕಿಯಲ್ಲಿದ್ದರೆ ಸುತ್ತ 1,600 ಮೀಟರ್. ಮಂಜಿನಂತೆ ಕಾಣುವ ಬಿಳಿ ಮೋಡವೇ ಗ್ಯಾಸಿನ ಎಲ್ಲೆ ಎಂದು ತಿಳಿಯಬೇಡಿ. ಅದು ತಣ್ಣಗಾದ ಗಾಳಿಯ ತೇವ. ಉರಿಯಬಲ್ಲ ಆವಿ ಅದಕ್ಕಿಂತ ಆಚೆಗೂ ಇರುತ್ತದೆ. ಎರಡೂ ಕಡೆ ಸಾಲುಗಟ್ಟಿದ ವಾಹನಗಳ ಎಂಜಿನ್ ನಿಲ್ಲಿಸಿ ಜನರನ್ನು ಇಳಿಸಿ ನಡೆಸಿಕೊಂಡು ಹೋಗಿ, ಅಲ್ಲೇ ರಿವರ್ಸ್ ಮಾಡಿಸಲು ಹೋಗಬೇಡಿ. ಮೊದಲು ತೆರವಾಗಬೇಕಾದ್ದು ಗಾಳಿಯ ಕೆಳದಿಕ್ಕಿನ, ತಗ್ಗಿನ ಮನೆಗಳು. ಒಲೆ, ದೇವರ ದೀಪ ಆರಿಸಿ ಹೊರಡಲು ಹೇಳಿ. ಗ್ಯಾಸಿನ ವಾಸನೆ ಒಳಗೆ ಆಗಲೇ ಬಂದಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟುವುದು ಬೇಡ.

ಸಮಯ ಹೇಗೆ ಕೈತಪ್ಪುತ್ತದೆ ಎಂಬುದಕ್ಕೆ 2007ರ ಜನವರಿ 30ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಘೆಂಟ್‌ನಲ್ಲಿ ನಡೆದದ್ದನ್ನು ನೋಡಿ. ಅಂಗಡಿಯೊಂದರ ಗೋಡೆಗೆ ಅಂಟಿದ್ದ ಪ್ರೊಪೇನ್ ಟ್ಯಾಂಕಿನಿಂದ ಇನ್ನೊಂದಕ್ಕೆ ಗ್ಯಾಸ್ ವರ್ಗಾಯಿಸಲು ಬಿರಡೆ ತೆಗೆದಾಗ ದ್ರವ ಚಿಮ್ಮಿತು. ತುರ್ತು ಸಿಬ್ಬಂದಿಯೂ ಬಂದರು. ಆದರೆ ಅಂಗಡಿಯೊಳಗಿನ ಜನರನ್ನು ದೂರ ಕಳಿಸಿರಲಿಲ್ಲ. ಸುಮಾರು ಅರ್ಧ ಗಂಟೆಯ ಹೊತ್ತಿಗೆ ಒಳಗೆ ತುಂಬಿದ ಗ್ಯಾಸ್ ಸ್ಫೋಟಿಸಿ ನಾಲ್ವರು ಸತ್ತರು. ಸತ್ತವರಲ್ಲಿ ನೆರವಿಗೆ ಬಂದ ಇಬ್ಬರೂ ಇದ್ದರು.

ಪ್ರಶ್ನೆ: ಮನೆಯ ಸಿಲಿಂಡರ್‌ಗೆ ಬೆಂಕಿ ಹತ್ತಿದರೆ ಒದ್ದೆ ಗೋಣಿಚೀಲ ಮುಚ್ಚಬೇಕು ಎನ್ನುತ್ತಾರೆ. ಸರಿಯೇ?
– ಗೃಹಿಣಿ, ವಿಜಯಪುರ

ಉತ್ತರ: ಜ್ವಾಲೆ ರೆಗ್ಯುಲೇಟರ್ ಅಥವಾ ರಬ್ಬರ್ ಪೈಪಿನಲ್ಲಿ ಸಣ್ಣದಾಗಿದ್ದರೆ, ಪಕ್ಕದಿಂದ ಕೈಚಾಚಿ ರೆಗ್ಯುಲೇಟರ್‌ನ ಗುಬ್ಬಿ ತಿರುಗಿಸಿ ಮುಚ್ಚಲಾದರೆ ಬೆಂಕಿ ತಾನಾಗಿ ಆರುತ್ತದೆ. ಕೈಗೆ ಒದ್ದೆ ಬಟ್ಟೆ ಸುತ್ತಿಕೊಳ್ಳಿ. ಒದ್ದೆ ಗೋಣಿಚೀಲದಿಂದ ಜ್ವಾಲೆ ಅಡಗಿಸಿದರೂ ಮರುಕ್ಷಣವೇ ವಾಲ್ವ್ ಮುಚ್ಚಲು ಸಾಧ್ಯವಾಗಬೇಕು. ಇಲ್ಲದಿದ್ದರೆ ಕೋಣೆಯಲ್ಲಿ ಗ್ಯಾಸ್ ತುಂಬುತ್ತದೆ. ಪತ್ರಿಕೆಗಳಲ್ಲಿ 'ಸಿಲಿಂಡರ್ ಸ್ಫೋಟ' ಎಂದು ಬರುವ ಎಷ್ಟೋ ಘಟನೆಗಳಲ್ಲಿ ಸಿಲಿಂಡರ್ ಇಡಿಯಾಗಿಯೇ ಸಿಗುತ್ತದೆ, ಸಿಡಿದಿರುವುದು ಗ್ಯಾಸ್ ತುಂಬಿದ ಕೋಣೆ.

ಸಿಲಿಂಡರನ್ನು ಎಂದೂ ಉರುಳಿಸಬೇಡಿ. ಅಡ್ಡ ಬಿದ್ದರೆ ಆವಿಯ ಬದಲು ದ್ರವ ಹೊರಬಂದು ಜ್ವಾಲೆ ಹಲವು ಪಟ್ಟು ಹಿಗ್ಗುತ್ತದೆ. ಜ್ವಾಲೆ ಸಿಲಿಂಡರ್‌ನ ಮೈಗೇ ತಾಗುತ್ತಿದ್ದರೆ ಏನನ್ನೂ ಮಾಡದೆ ಮನೆಯವರನ್ನೆಲ್ಲ ಹೊರಗೆ ಕರೆದೊಯ್ದು 101 ಅಥವಾ 112ಕ್ಕೆ ಕರೆ ಮಾಡಿ. ಬೆಂಕಿಯಿಲ್ಲದ ಸೋರಿಕೆಗೆ ದಿನವಿಡೀ ಸಿಗುವ ಸಂಖ್ಯೆ 1906. ಸಿಲಿಂಡರ್ ಬಾಯಿಗೆ ದಾರದಲ್ಲಿ ಕಟ್ಟಿ ಕೊಡುವ ಪ್ಲಾಸ್ಟಿಕ್ ಮುಚ್ಚಳವನ್ನು ಕಿತ್ತೆಸೆಯಬೇಡಿ. ರೆಗ್ಯುಲೇಟರ್ ತೆಗೆದ ಮೇಲೂ ವಾಲ್ವ್ ಸೋರುತ್ತಿದ್ದರೆ ಅದನ್ನು ಒತ್ತಿ ಕೂರಿಸಿದರೆ ಗ್ಯಾಸ್ ನಿಲ್ಲುತ್ತದೆ.

ಪ್ರಶ್ನೆ: ಟ್ಯಾಂಕ್ ತಣಿಯುತ್ತಿದೆಯೋ ಕೈ ಮೀರುತ್ತಿದೆಯೋ ಎಂದು ಸ್ಥಳದಲ್ಲಿ ತಿಳಿಯುವುದು ಹೇಗೆ? ಬೆಂಕಿ ಆರಿದ ಮೇಲೆ ಯಾವಾಗ ಹತ್ತಿರ ಹೋಗಬಹುದು?
– ಹೊಸದಾಗಿ ನೇಮಕವಾದ ಅಗ್ನಿಶಾಮಕ ಸಿಬ್ಬಂದಿ, ಬೆಂಗಳೂರು

ಉತ್ತರ: ನೀರು ಬಿದ್ದ ಜಾಗವನ್ನು ದುರ್ಬೀನಿನಲ್ಲಿ ನೋಡಿ. ನೀರು ಚುರ್ರೆಂದು ಹಬೆಯಾಗಿ ಏಳುತ್ತಿದ್ದರೆ ಆ ಉಕ್ಕು 100 ಡಿಗ್ರಿಯ ಮೇಲಿದೆ, ಅಲ್ಲಿಗೆ ಇನ್ನಷ್ಟು ನೀರು ಬೇಕು. ಹಬೆಯಿಲ್ಲದೆ ಪದರವಾಗಿ ಕೆಳಗಿಳಿಯುತ್ತಿದ್ದರೆ ಆ ಭಾಗ ಹಿಡಿತದಲ್ಲಿದೆ. ನೀರು ನೆತ್ತಿಯಿಂದ ಎರಡೂ ಬದಿಗೆ ಹರಿದಿಳಿಯುವಂತೆ ಗುರಿಯಿರಲಿ. ಸೇಫ್ಟಿ ವಾಲ್ವಿನ ಬಾಯಿಗೆ, ಸೋರಿಕೆಯ ಬಾಯಿಗೆ ನೇರವಾಗಿ ನೀರು ಬಿಡಬೇಡಿ, ಅಲ್ಲಿ ಮಂಜುಗಡ್ಡೆ ಕಟ್ಟಿ ವಾಲ್ವ್ ಕೆಡಬಹುದು.

ಸೇಫ್ಟಿ ವಾಲ್ವಿನ ಸದ್ದು ಒಂದೇ ಸಮ ಇದ್ದದ್ದು ಏರತೊಡಗಿದರೆ, ಅದರ ಜ್ವಾಲೆ ಉದ್ದವಾದರೆ, ಟ್ಯಾಂಕಿನ ಬಣ್ಣ ಬದಲಾದರೆ, ಮೈಯಲ್ಲಿ ಉಬ್ಬು ಕಂಡರೆ, ಇವುಗಳಲ್ಲಿ ಯಾವ ಒಂದು ಕಂಡರೂ ಹೋಸ್ ಬಿಟ್ಟು ಓಡಿ. ಉಪಕರಣ ಉಳಿಸಲು ನಿಲ್ಲಬೇಡಿ. ಎಲ್ಲಿಯವರೆಗೆ ಎಂದರೆ, ಬೆಂಕಿಯುಂಡೆಯ ತ್ರಿಜ್ಯದ ಕನಿಷ್ಠ ನಾಲ್ಕು ಪಟ್ಟು ಅಗ್ನಿಶಾಮಕರಿಗೆ, 15ರಿಂದ 30 ಪಟ್ಟು ಸಾರ್ವಜನಿಕರಿಗೆ. 17 ಟನ್ನಿನ ಟ್ಯಾಂಕರ್‌ಗೆ ನಿಮಗೆ 300 ಮೀಟರ್‌ಗಿಂತ ಹೆಚ್ಚು, ಜನರಿಗೆ ಒಂದು ಕಿಲೊಮೀಟರ್‌ಗಿಂತ ಹೆಚ್ಚು. ಈ ಲಕ್ಷಣಗಳು ಕಾಣದೆಯೂ ಟ್ಯಾಂಕ್ ಸಿಡಿಯಬಹುದು. ಆದ್ದರಿಂದ ಜ್ವಾಲೆ ತಾಗಲು ಶುರುವಾದದ್ದು ಎಷ್ಟು ಹೊತ್ತಿಗೆ ಎಂದು ಚಾಲಕನನ್ನೋ ಕಂಡವರನ್ನೋ ಮೊದಲು ಕೇಳಿ. ನೀವು ಬಂದ ಹೊತ್ತಿನಿಂದ ಲೆಕ್ಕ ಹಿಡಿಯಬೇಡಿ, ಟ್ಯಾಂಕಿನ ಗಡಿಯಾರ ನಿಮಗಿಂತ ಮೊದಲೇ ಓಡತೊಡಗಿರುತ್ತದೆ.

ಬೆಂಕಿ ಆರಿದ ಮೇಲೂ ನೀರು ನಿಲ್ಲಿಸಬೇಡಿ, ಉಕ್ಕು ತಣ್ಣಗಾಗುವವರೆಗೆ ಮುಂದುವರಿಸಿ. ನಂತರ ಉಸಿರಾಟದ ಉಪಕರಣ ಹಾಕಿಕೊಂಡ ಇಬ್ಬರು ಗ್ಯಾಸ್ ಡಿಟೆಕ್ಟರ್ ಹಿಡಿದು ಗಾಳಿಯ ಕಡೆಯಿಂದ ಹೋಗಲಿ. ಡಿಟೆಕ್ಟರನ್ನು ಎದೆಯ ಎತ್ತರದಲ್ಲಿ ಹಿಡಿದರೆ ಏನೂ ತೋರದು, ಮೊಣಕಾಲಿಗಿಂತ ಕೆಳಗೆ, ಚರಂಡಿಯ ಬಾಯಿ, ಟ್ಯಾಂಕರ್‌ನ ಅಡಿ, ರಸ್ತೆ ಬದಿಯ ಗುಂಡಿಗಳಲ್ಲಿ ಹಿಡಿಯಬೇಕು. ಉರಿಯಬಲ್ಲ ಕನಿಷ್ಠ ಪ್ರಮಾಣದ ಶೇ 10 ತೋರಿಸಿದರೂ ಹಿಂದಕ್ಕೆ ಬಂದು ಮತ್ತೆ ತುಂತುರು ಹೊಡೆದು ಗಾಳಿಯಾಡಲು ಬಿಡಿ. ಬೆಂಕಿಯಲ್ಲಿ ಬೆಂದ ಟ್ಯಾಂಕನ್ನು ಕ್ರೇನಿನಿಂದ ಎತ್ತಲು ಅವಸರ ಮಾಡಬಾರದು. ತೈಲ ಕಂಪನಿಯ ತಂಡ ಬಂದು ಉಳಿದ ಗ್ಯಾಸನ್ನು ಬೇರೆ ಟ್ಯಾಂಕರ್‌ಗೆ ವರ್ಗಾಯಿಸುವಾಗ ಎರಡು ಟ್ಯಾಂಕರ್‌ಗಳ ನಡುವೆ ಅರ್ತಿಂಗ್ ತಂತಿ ಕಟ್ಟಿರಬೇಕು. ನೀರು ತುಂಬಿದ ಹೋಸ್ ಹಿಡಿದ ಎರಡು ತಂಡಗಳು ವರ್ಗಾವಣೆ ಮುಗಿದು ಕೊನೆಯ ವಾಲ್ವ್ ಮುಚ್ಚುವವರೆಗೂ ಜಾಗ ಬಿಟ್ಟು ಕದಲಬಾರದು.